ಕೊನೆಯ ಮನೆಯಿಂದ ಶುರುಮಾಡಿ: ಬೌದ್ಧಿಕ ವಿಕಲತೆ ಇರುವ ಮಕ್ಕಳ ಆಟ, ಓಟ, ಕೈಕೆಲಸ

ಏಳು ವರ್ಷದ ಒಂದು ಮಗುವಿನ ಕಡೆಗೆ ಚೆಂಡು ಎಸೆಯುತ್ತೀರಿ. ಚೆಂಡು ಎದೆಗೆ ಬಡಿದು ನೆಲಕ್ಕೆ ಬೀಳುತ್ತದೆ. ಅದು ಬಿದ್ದಾದ ಮೇಲೆ ಮಗುವಿನ ಎರಡೂ ಕೈ ಮುಂದೆ ಬಂದು ಸೇರುತ್ತವೆ. ಶಾಲೆಯ ದಾಖಲೆಯಲ್ಲಿ ‘ಕ್ಯಾಚ್ ಹಿಡಿಯಲು ಬರುವುದಿಲ್ಲ’ ಎಂದು ಒಂದು ಸಾಲು ಸೇರುತ್ತದೆ. ಮುಂದಿನ ವರ್ಷ ಅದೇ ಸಾಲು ನಕಲಾಗುತ್ತದೆ. ಇವತ್ತು ಮಾತಾಡಬೇಕಾದದ್ದು ಈ ಸಾಲಿನ ಬಗ್ಗೆಯೇ.

ಆ ಚೆಂಡು ಕೆಳಗೆ ಬೀಳುವುದಕ್ಕೆ ಕಾರಣ ಒಂದೇ ಅಲ್ಲ ನೋಡಿ. ಮಗುವಿಗೆ ಚೆಂಡು ಸರಿಯಾಗಿ ಕಂಡಿರಲಿಕ್ಕಿಲ್ಲ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ವರ್ಣತಂತು ಹೆಚ್ಚಿಗೆ ಇರುವ ಸ್ಥಿತಿ) ಇರುವ ಮಕ್ಕಳಲ್ಲಿ ದೃಷ್ಟಿದೋಷ ತೀರಾ ಸಾಮಾನ್ಯ, ಆದರೆ ಎಷ್ಟೋ ಮಕ್ಕಳ ಕಣ್ಣು ಪರೀಕ್ಷೆಯೇ ಆಗಿರುವುದಿಲ್ಲ. ‘ಹಿಡಿ’ ಅಂದರೆ ಏನು ಮಾಡಬೇಕು ಎಂಬುದೇ ತಿಳಿದಿರಲಿಕ್ಕಿಲ್ಲ. ತಿಳಿದಿದ್ದರೂ ಕಣ್ಣು ಕಂಡದ್ದಕ್ಕೆ ಕೈ ಏಳುವಷ್ಟರಲ್ಲಿ ಹೊತ್ತು ಮೀರಿರಬಹುದು. ಹಿಂದೆ ಯಾವಾಗಲೋ ಗಟ್ಟಿ ಚೆಂಡು ಮುಖಕ್ಕೆ ಬಡಿದು ಹೆದರಿಕೆ ಕೂತಿರಬಹುದು. ಕೊನೆಯದನ್ನು ನಾವು ಒಪ್ಪಿಕೊಳ್ಳುವುದು ಕಡಿಮೆ: ಎಸೆದವರೇ ನೆಟ್ಟಗೆ ಎಸೆದಿರಲಿಕ್ಕಿಲ್ಲ. ಒಂದೊಂದಕ್ಕೂ ಮದ್ದು ಬೇರೆ. ಕಣ್ಣಿನ ತೊಂದರೆಗೆ ನೂರು ಸಲ ಅಭ್ಯಾಸ ಮಾಡಿಸಿದರೆ ಏನು ಬಂತು?

ಹೆಸರಿನ ವಿಷಯ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ವಿಕಲತೆಯಿರುವವರಿಗೆಂದು ನಮ್ಮ ದೇಶದಲ್ಲಿ ಬಂದ 1995ರ ಕಾಯ್ದೆ ಬುದ್ಧಿಮಾಂದ್ಯತೆ ಎಂದು ಕರೆದದ್ದನ್ನು 2016ರ ಕಾಯ್ದೆ ಬೌದ್ಧಿಕ ವಿಕಲತೆ ಎನ್ನುತ್ತದೆ. ಕಲಿಯುವುದು, ಯೋಚಿಸುವುದು, ದಿನನಿತ್ಯದ ಕೆಲಸ ನಿಭಾಯಿಸುವುದು, ಇವುಗಳಲ್ಲಿ ಗಣನೀಯ ಮಿತಿ ಇರಬೇಕು ಎಂಬುದು ವ್ಯಾಖ್ಯಾನದ ತಿರುಳು. ಅದರಲ್ಲಿ ಕೈಕಾಲಿನ ಮಾತೇ ಇಲ್ಲ, ಗಮನಿಸಿ. ಆದರೂ ಈ ಮಕ್ಕಳಲ್ಲಿ ಬಹಳಷ್ಟು ಮಂದಿ ತಡವಾಗಿ ನಡೆಯುತ್ತಾರೆ, ಓಡುವಾಗ ಎಡವುತ್ತಾರೆ, ಗುಂಡಿ ಹಾಕಿಕೊಳ್ಳಲು ತಿಣುಕುತ್ತಾರೆ. ಕೆಲವರಿಗೆ ಕಾರಣ ಮೈಯಲ್ಲೇ ಇದೆ: ಡೌನ್ ಸಿಂಡ್ರೋಮ್‌ನಲ್ಲಿ ಸ್ನಾಯುಗಳ ಬಿಗುವು ಕಡಿಮೆ, ಕೀಲುಗಳ ಕಟ್ಟು ಸಡಿಲ. ಕೆಲವರಿಗೆ ಚಲನೆಯನ್ನು ಯೋಜಿಸಿ ನೆನಪಿಟ್ಟುಕೊಳ್ಳಲು ಹೆಚ್ಚು ಸಮಯ ಬೇಕು. ಇನ್ನೊಂದು ಕಾರಣಕ್ಕೆ ಹೊಣೆ ನಾವು. ಪಿ.ಟಿ. ಪೀರಿಯಡ್‌ನಲ್ಲಿ ಎಲ್ಲರ ಬ್ಯಾಗು, ಚಪ್ಪಲಿ ಕಾಯುತ್ತ ಕಟ್ಟೆಯ ಮೇಲೆ ಕೂತವನಿಗೆ ಓಟ ಎಲ್ಲಿಂದ ಬರಬೇಕು?

ಪುಟ್ಟ ಮಕ್ಕಳಿಂದ ಶುರು ಮಾಡೋಣ. ಸಾಮಾನ್ಯವಾಗಿ ಮಗು ವರ್ಷದ ಆಸುಪಾಸಿನಲ್ಲಿ, ತಡವೆಂದರೆ ಒಂದೂವರೆ ವರ್ಷದೊಳಗೆ ತಾನಾಗಿ ನಡೆಯುತ್ತದೆ. ಡೌನ್ ಸಿಂಡ್ರೋಮ್ ಇರುವ ಮಗು ಸರಾಸರಿ ಎರಡು ವರ್ಷದ ಹೊತ್ತಿಗೆ. ‘ಅದು ತಾನಾಗಿ ಬರುತ್ತೆ ಬಿಡಿ’ ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. ಬರುತ್ತದೆ, ನಿಜ. ಆದರೆ ಬೇಗ ಬರಿಸಲೂ ಸಾಧ್ಯ ಎನ್ನುವುದಕ್ಕೆ ಆಧಾರ ಇದೆ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಡೌನ್ ಸಿಂಡ್ರೋಮ್ ಇರುವ ಹಸುಗೂಸುಗಳನ್ನು ಪುಟ್ಟ ಟ್ರೆಡ್‌ಮಿಲ್ ಮೇಲೆ ಎತ್ತಿ ಹಿಡಿದು ಹೆಜ್ಜೆ ಹಾಕಿಸಿದರು. ಮನೆಯಲ್ಲೇ, ತಂದೆತಾಯಿಯೇ, ದಿನಕ್ಕೆ 8 ನಿಮಿಷ, ವಾರಕ್ಕೆ 5 ದಿನ. ಆ ಮಕ್ಕಳು, ಟ್ರೆಡ್‌ಮಿಲ್ ಹತ್ತದ ಡೌನ್ ಸಿಂಡ್ರೋಮ್‌ನ ಉಳಿದ ಮಕ್ಕಳಿಗಿಂತ ಸುಮಾರು 101 ದಿನ ಮೊದಲೇ ನಡೆದರು. ನಮಗೆ ಆ ಯಂತ್ರ ಸಿಗುವುದಿಲ್ಲ, ಸಿಗಬೇಕೆಂದೂ ಇಲ್ಲ. ಅದರಿಂದ ನಾವು ಹಿಡಿದುಕೊಳ್ಳಬೇಕಾದದ್ದು ಆ 8 ನಿಮಿಷ. ಸ್ವಲ್ಪವೇ ಆದರೂ ದಿನಾ ಮಾಡಿಸಿದ್ದು ಕೆಲಸ ಮಾಡಿತು.

ಯಂತ್ರದ ಬದಲಿಗೆ ಅಂಗಡಿಯವರು ಮಗುವನ್ನು ನಡುವೆ ಕೂರಿಸುವ, ಸುತ್ತ ಚಕ್ರವಿರುವ ವಾಕರ್ ಮಾರುತ್ತಾರೆ. ದಯವಿಟ್ಟು ಕೊಳ್ಳಬೇಡಿ. ಅದರೊಳಗೆ ಮಗು ತನ್ನ ಭಾರ ತಾನು ಹೊರುವುದಿಲ್ಲ, ಕಾಲ್ಬೆರಳ ತುದಿಯಿಂದ ನೆಲ ತಳ್ಳುತ್ತದೆ, ಮೆಟ್ಟಿಲಿದ್ದರೆ ಉರುಳುತ್ತದೆ. ಹಳೆಯ ಕಾಲದ ಮರದ ತಳ್ಳುಗಾಡಿ ಇದಕ್ಕಿಂತ ಎಷ್ಟೋ ವಾಸಿ, ಏಕೆಂದರೆ ಅದನ್ನು ಹಿಡಿಯಲು ಮಗು ಮೊದಲು ನಿಲ್ಲಬೇಕು. ಅದಕ್ಕೂ ಒಂದು ತೊಂದರೆ ಇದೆ: ನುಣುಪು ನೆಲದಲ್ಲಿ ಗಾಡಿ ಮುಂದೆ ಓಡಿ ಮಗು ಮುಗ್ಗರಿಸುತ್ತದೆ. ಗಾಡಿಯ ಮೇಲೆ ಎರಡು ಮೂರು ಕೆ.ಜಿ. ಅಕ್ಕಿಯ ಚೀಲ ಕಟ್ಟಿ. ನಡಿಗೆ ಗಟ್ಟಿಯಾದಂತೆ ಅಕ್ಕಿ ಕಡಿಮೆ ಮಾಡುತ್ತ ಬನ್ನಿ.

ಕೂರುವ ಭಂಗಿಯನ್ನೂ ನೋಡಿಕೊಳ್ಳಿ. ಬಿಗುವು ಕಡಿಮೆಯಿರುವ ಮಕ್ಕಳು ಎರಡೂ ಪಾದ ಸೊಂಟದ ಆಚೀಚೆ ಬಿಟ್ಟು, ಮಂಡಿ ಮುಂದೆ ಮಾಡಿ ಕೂರುತ್ತಾರೆ. ಬುಡ ಅಗಲವಾಗುವುದರಿಂದ ಬೀಳುವ ಭಯವಿಲ್ಲ. ಹಾಗೆಯೇ ಬೆನ್ನು, ಹೊಟ್ಟೆಯ ಸ್ನಾಯುಗಳಿಗೆ ಕೆಲಸವೂ ಇಲ್ಲ. ಬೈಯಬೇಡಿ. ಚಕ್ಕಳಮಕ್ಕಳ ಹಾಕಿಸಿ, ಆಗದಿದ್ದರೆ ಒಂದಡಿಗಿಂತ ಕಡಿಮೆ ಎತ್ತರದ ಮಣೆಯ ಮೇಲೆ ಪಾದ ಊರಿ ಕೂರಿಸಿ. ಆಟದ ಸಾಮಾನನ್ನು ಮಧ್ಯದಲ್ಲಿ ಇಡದೆ ಪಕ್ಕಕ್ಕಿಡಿ. ತೆಗೆದುಕೊಳ್ಳಲು ಮೈ ತಿರುಗಿಸಲೇಬೇಕಾಗುತ್ತದೆ.

ಈಗ ಚೆಂಡಿಗೆ ವಾಪಸು ಬರೋಣ. ಮಕ್ಕಳ ಮೂಲ ಚಲನೆಗಳನ್ನು ಅಳೆಯಲು ಟಿ.ಜಿ.ಎಂ.ಡಿ. ಎಂಬ ಪರೀಕ್ಷೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರ ಮೂರನೆಯ ಆವೃತ್ತಿಯಲ್ಲಿ 13 ಚಲನೆಗಳಿವೆ: ಓಟ, ಕುಂಟು, ನೆಗೆತದಂಥವು 6, ಚೆಂಡಿನವು 7. ಪರೀಕ್ಷೆಗಿಂತ ನನಗೆ ಇಷ್ಟವಾಗುವುದು ಅದು ನೋಡುವ ರೀತಿ. ಚೆಂಡು ಸಿಕ್ಕಿತೋ ಇಲ್ಲವೋ ಎಂದಷ್ಟೇ ಕೇಳುವುದಿಲ್ಲ. ಚೆಂಡು ಬರುವ ಮೊದಲೇ ಮೊಣಕೈ ಮಡಚಿ ಕೈ ಮುಂದಿದ್ದವೇ? ಚೆಂಡು ಬಂದಾಗ ಕೈ ಅದರತ್ತ ಚಾಚಿದವೇ? ಎದೆಗೆ ಒತ್ತಿಕೊಳ್ಳದೆ ಕೈಯಲ್ಲೇ ಹಿಡಿಯಿತೇ? ಮೂರಕ್ಕೂ ಬೇರೆ ಬೇರೆ ಅಂಕ. ನಿಮ್ಮ ನೋಟ್‌ಬುಕ್ಕಿನಲ್ಲಿ ‘ಬರುವುದಿಲ್ಲ’ ಎನ್ನುವ ಕಡೆ ಈ ಮೂರು ಕಾಲಂ ಹಾಕಿಕೊಳ್ಳಿ. ಎದೆಗೆ ಅವಚಿಕೊಂಡು ಹಿಡಿದರೆ ತಪ್ಪೆಂದುಕೊಳ್ಳಬೇಡಿ, ಎಲ್ಲ ಮಕ್ಕಳೂ ಹಾದುಬರುವ ಹಂತ ಅದು.

ಕಲಿಸುವುದು ಹೇಗೆ? ಮೊದಲು ಚೆಂಡು ಗಾಳಿಗೇರುವುದೇ ಬೇಡ. ಇಬ್ಬರೂ ನೆಲದ ಮೇಲೆ ಕಾಲು ಅಗಲಿಸಿ ಎದುರುಬದುರು ಕೂತು, ಮೂರಡಿ ಅಂತರದಲ್ಲಿ, ಉರುಳಿಸಿ. ಹತ್ತಕ್ಕೆ ಎಂಟು ಸಲ ತಡೆದು ನಿಲ್ಲಿಸಿದರೆ ನಿಂತು ಆಡಿ: ತೆಳು ದುಪಟ್ಟಾದ ಒಂದು ತುಂಡನ್ನು ಮೇಲೆ ಹಾರಿಸಿ ಹಿಡಿಸಿ. ಬಟ್ಟೆ ನಿಧಾನಕ್ಕೆ ಇಳಿಯುತ್ತದೆ, ಬಡಿದರೂ ನೋವಿಲ್ಲ, ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬಲೂನು. ಒಡೆದ ಬಲೂನಿನ ಚೂರನ್ನು ಬಾಯಿಗೆ ಹಾಕಿಕೊಳ್ಳುವ ಮಕ್ಕಳಿದ್ದರೆ ಅದನ್ನೊಂದು ತೆಳು ಬಟ್ಟೆಯ ಚೀಲದೊಳಗೆ ಊದಿ ಗಂಟು ಹಾಕಿ, ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಅದಾದ ಮೇಲೆ ತೆಂಗಿನಕಾಯಿಗಿಂತ ದೊಡ್ಡದಾದ, ಅರ್ಧ ಗಾಳಿ ಬಿಟ್ಟ ಪ್ಲಾಸ್ಟಿಕ್ ಚೆಂಡು. ಪೂರ್ತಿ ಗಾಳಿ ತುಂಬಿದ್ದು ಅಂಗೈಗೆ ತಾಗಿ ಪುಟಿದುಹೋಗುತ್ತದೆ, ಅರ್ಧ ಗಾಳಿಯದು ಕೈಯಲ್ಲಿ ಕೂರುತ್ತದೆ. ಒಂದು ಸಲ ನೆಲಕ್ಕೆ ಪುಟಿಸಿ ಕೊಡಿ, ಆಮೇಲೆ ಕೆಳಗೈಯಿಂದ ಐದಡಿ ದೂರದಿಂದ, ಎದೆಗೂ ಹೊಕ್ಕುಳಿಗೂ ನಡುವೆ ಬರುವ ಹಾಗೆ.

ದೂರ, ಗಾತ್ರ, ವೇಗ. ಒಂದು ಹೊತ್ತಿಗೆ ಇವುಗಳಲ್ಲಿ ಒಂದನ್ನು ಮಾತ್ರ ಬದಲಿಸಿ. ಸಣ್ಣ ಚೆಂಡು ತಂದ ದಿನವೇ ಎರಡು ಹೆಜ್ಜೆ ಹಿಂದೆ ಸರಿದರೆ ಮಗು ಮೊದಲಿನ ಹಾಗೆ ಕಲ್ಲಾಗಿ ನಿಲ್ಲುತ್ತದೆ, ‘ನಿನ್ನೆ ಬರ್ತಿತ್ತು, ಇವತ್ತು ಮರೆತಿದೆ’ ಎಂದು ನಾವು ದೂರುತ್ತೇವೆ. ಮರೆತಿಲ್ಲ, ಆಟವೇ ಬೇರೆಯಾಯಿತು. ಸಿಮೆಂಟ್ ಗೋಡೆಯ ಮುಂದೆ ಬೂದು ಚೆಂಡು ಕಾಣುವುದಿಲ್ಲ, ಹಳದಿ ತನ್ನಿ. ಸೂರ್ಯನಿಗೆ ಮುಖ ಮಾಡಿ ಮಗುವನ್ನು ನಿಲ್ಲಿಸಬೇಡಿ.

ಇನ್ನು ನಮ್ಮ ಬಾಯಿ. ಅಂಗಳದಲ್ಲಿ ಅಜ್ಜಿ ‘ಹಿಡಿಯೋ ಪುಟ್ಟಾ’ ಅನ್ನುತ್ತಾರೆ, ಅಪ್ಪ ‘ಕೈ ಮುಂದೆ ಚಾಚೋ’ ಅನ್ನುತ್ತಾರೆ, ಅಕ್ಕ ‘ಅಲ್ಲಿ ನೋಡೋ’ ಅನ್ನುತ್ತಾಳೆ. ಮಗು ಮೂವರ ಮುಖವನ್ನೂ ಸರದಿಯಂತೆ ನೋಡುತ್ತದೆ, ಚೆಂಡೊಂದನ್ನು ಬಿಟ್ಟು. ಒಬ್ಬರೇ ಮಾತಾಡಿ. ಎರಡು ಪದ ಸಾಕು: ‘ಚೆಂಡು ನೋಡು’. ಹೇಳಿ, ಮಾಡಿ ತೋರಿಸಿ, ಆಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲಿ ಹತ್ತರ ತನಕ ಎಣಿಸಿ. ಆರು ಏಳಕ್ಕೆ ಬರುವಷ್ಟರಲ್ಲಿ ಎಷ್ಟೋ ಮಕ್ಕಳ ಕೈ ಏಳುತ್ತದೆ. ನಾವು ಮೂರಕ್ಕೇ ತಾಳ್ಮೆಗೆಟ್ಟು ಮತ್ತೊಂದು ಸಲ ಹೇಳಿಬಿಡುತ್ತೇವೆ, ಮಗುವಿನ ತಲೆಯೊಳಗೆ ನಡೆಯುತ್ತಿದ್ದ ಕೆಲಸ ಮತ್ತೆ ಮೊದಲಿಂದ ಶುರುವಾಗುತ್ತದೆ.

ಕೈ ಹಿಡಿದು ಮಾಡಿಸುವುದು ತಪ್ಪಲ್ಲ, ಬಿಡುವುದು ಹೇಗೆಂದು ಯೋಚಿಸದೆ ಹಿಡಿಯುವುದು ತಪ್ಪು. ಮೊದಲು ಅಂಗೈ ಮೇಲೆ ಅಂಗೈ, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈಗೆ ಬೆರಳ ತುದಿ, ಆಮೇಲೆ ಬರೀ ಸನ್ನೆ. ಬಹುಮಾನದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ: ಒಂದು ಕ್ಯಾಚಿಗೆ ಒಂದು ಕ್ರೀಮ್ ಬಿಸ್ಕತ್ತು ಕೊಡುವ ಅಭ್ಯಾಸ ವಿಶೇಷ ಶಾಲೆಗಳಲ್ಲೂ ಇದೆ. ತೂಕ ಏರದಿರಲಿ ಎಂದು ಆಡಿಸಿ, ಆಟಕ್ಕೆ ಕೂಲಿಯಾಗಿ ಸಕ್ಕರೆ ಕೊಡುವುದು! ಚಪ್ಪಾಳೆ, ಸ್ಟಿಕ್ಕರ್, ಚೆಂಡನ್ನು ಬುಟ್ಟಿಗೆ ‘ಧಡ್’ ಅಂತ ಹಾಕುವ ಖುಷಿ, ಇವೂ ಬಹುಮಾನವೇ.

ಕುಂಟೆಬಿಲ್ಲೆಗೆ ಬರುತ್ತೇನೆ. ಊರಿಗೊಂದು ಹೆಸರು, ಊರಿಗೊಂದು ಲೆಕ್ಕದ ಮನೆ ಇರುವ ಈ ಆಟದಲ್ಲಿ ಎಷ್ಟು ಕೆಲಸ ಅಡಗಿದೆ ಎಣಿಸಿ: ಗುರಿಯಿಟ್ಟು ಬಿಲ್ಲೆ ಎಸೆಯಬೇಕು, ಒಂಟಿ ಕಾಲಲ್ಲಿ ನಿಲ್ಲಬೇಕು, ಕುಂಟಬೇಕು, ಗೆರೆ ತುಳಿಯಬಾರದು, ಬಿಲ್ಲೆ ಇರುವ ಮನೆ ಬಿಡಬೇಕು, ಬಗ್ಗಿ ಎತ್ತಬೇಕು, ಸರದಿ ಕಾಯಬೇಕು. ಒಟ್ಟಿಗೆ ಕೊಟ್ಟರೆ ಮಗು ಸೋಲುತ್ತದೆ. ಬಿಡಿಸಿ ಕೊಟ್ಟರೆ ಆರು ತಿಂಗಳ ಪಾಠ.

ಮೊದಲು ಒಂಟಿ ಕಾಲು. ಗೋಡೆ ಹಿಡಿದು, ಒಂದು ಪಾದವನ್ನು ಇಟ್ಟಿಗೆಯ ಮೇಲಿಟ್ಟು ನಿಲ್ಲಿಸಿ; ಆಮೇಲೆ ಇಟ್ಟಿಗೆ ತೆಗೆಯಿರಿ; ಆಮೇಲೆ ಗೋಡೆಗೆ ಒಂದೇ ಬೆರಳು. ಆಸರೆಯಿಲ್ಲದೆ 5 ಸೆಕೆಂಡ್ ನಿಲ್ಲುವ ತನಕ ಕುಂಟಿಸಬೇಡಿ. ಜೊತೆಜೊತೆಗೆ ಎರಡು ಕಾಲಿನ ನೆಗೆತ ಕಲಿಸಿ. ಎಲ್ಲರೂ ಎಡವುವುದು ಇಲ್ಲೇ: ಮಗು ಮಂಡಿ ಮಡಚುತ್ತದೆ, ನೆಟ್ಟಗಾಗುತ್ತದೆ, ಪಾದ ಮಾತ್ರ ನೆಲ ಬಿಡುವುದಿಲ್ಲ. ನಾವು ಕೈ ಹಿಡಿದು ಮೇಲಕ್ಕೆ ಎಳೆಯುತ್ತೇವೆ. ಎಳೆಯಬೇಡಿ. ಕೀಲು ಸಡಿಲ ಇರುವ ಮಗುವಿನ ಭುಜಕ್ಕೂ ಮೊಣಕೈಗೂ ಅದು ಕೆಡುಕು, ಮೇಲಾಗಿ ನೆಗೆಯುವ ಕೆಲಸವನ್ನು ಮಗುವಿನ ಬದಲು ನೀವು ಮಾಡಿದಂತಾಯಿತು. ನಿಮ್ಮ ಅಂಗೈಗಳನ್ನು ಮೇಲ್ಮುಖವಾಗಿ, ಮಗುವಿನ ಸೊಂಟದ ಎತ್ತರಕ್ಕೆ ಹಿಡಿಯಿರಿ. ಮಗು ತನ್ನ ಅಂಗೈಗಳನ್ನು ಅವುಗಳ ಮೇಲಿಟ್ಟು ಕೆಳಕ್ಕೆ ಒತ್ತಲಿ. ಒತ್ತಿದಷ್ಟು ಭಾರ ಕಾಲಿನ ಮೇಲಿಂದ ಇಳಿಯುತ್ತದೆ, ಪಾದ ತಾನಾಗಿ ಏಳುತ್ತದೆ. ದಿನ ಕಳೆದಂತೆ ಅಂಗೈ ಮೇಲಿನ ಒತ್ತಡ ಕಡಿಮೆಯಾಗುವುದು ನಿಮಗೇ ತಿಳಿಯುತ್ತದೆ. ನೆಗೆದು ಇಳಿಯುವಾಗ ಮಂಡಿ ಕಡ್ಡಿಯಂತೆ ನೆಟ್ಟಗಿದ್ದರೆ ‘ಸದ್ದು ಮಾಡದೆ ಇಳಿ, ಬೆಕ್ಕಿನ ಹಾಗೆ’ ಎನ್ನಿ. ‘ಮಂಡಿ ಮಡಚು’ ಎನ್ನುವುದಕ್ಕಿಂತ ಇದು ಬೇಗ ನಾಟುತ್ತದೆ.

ಮನೆಗಳನ್ನು ದೊಡ್ಡದಾಗಿ ಬರೆಯಿರಿ. ಎರಡಡಿ ಚೌಕದ ಟೈಲ್ಸ್ ಹಾಕಿದ ಜಗುಲಿಯಿದ್ದರೆ ಬರೆಯುವ ಕೆಲಸವೂ ಇಲ್ಲ. ಹೆಂಚಿನ ಚೂರು ಜಾರಿ ಆಚೆ ಹೋಗುತ್ತದೆ. ಅಂಗೈಯಗಲದ ಬಟ್ಟೆ ಚೀಲಕ್ಕೆ ನೂರು ಗ್ರಾಂ ಹುಣಸೆಬೀಜ ತುಂಬಿ ಹೊಲಿದರೆ ಬಿದ್ದಲ್ಲೇ ಕೂರುತ್ತದೆ, ಎತ್ತಲೂ ಸುಲಭ. ಆಟವನ್ನು ಹಿಂದಿನಿಂದ ಕಲಿಸಿ. ಕೊನೆಯ ಮನೆಯಲ್ಲಿ ಮಗುವನ್ನು ನಿಲ್ಲಿಸಿ, ಬಿಲ್ಲೆ ಎತ್ತಿಸಿ, ಒಂದು ನೆಗೆತದಲ್ಲಿ ಹೊರಗೆ ಬರಲಿ, ಎಲ್ಲರೂ ಚಪ್ಪಾಳೆ ತಟ್ಟಲಿ. ಅದು ಗಟ್ಟಿಯಾದ ಮೇಲೆ ಕೊನೆಯ ಎರಡು ಮನೆ, ಆಮೇಲೆ ಮೂರು. ಮೊದಲ ಮನೆಯಿಂದ ಕಲಿಸಿದರೆ ಪ್ರತಿ ಸಲವೂ ಮಗು ಎಲ್ಲೋ ನಡುವೆ ಔಟಾಗಿ ನಿಲ್ಲುತ್ತದೆ. ಕೊನೆಯಿಂದ ಕಲಿಸಿದರೆ ಪ್ರತಿ ಸಲವೂ ಆಟ ಮುಗಿಸಿಯೇ ಹೊರಬರುತ್ತದೆ. ಶರಟು ತೊಡುವುದು, ಶೂ ಹಾಕುವುದು, ಹಾಸಿಗೆ ಮಡಚುವುದು, ಎಲ್ಲಕ್ಕೂ ಇದೇ ದಾರಿ: ಕೊನೆಯ ಗುಂಡಿಯನ್ನು ಮಗುವಿಗೆ ಬಿಡಿ.

ಕೈಬೆರಳಿಗೆ ಅಡುಗೆಮನೆಗಿಂತ ದೊಡ್ಡ ಥೆರಪಿ ಕೋಣೆ ಬೇಕಿಲ್ಲ. ಅವರೆಕಾಯಿ ಕಾಲದಲ್ಲಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಾಯಿ ಸುಲಿಯಲು ಎರಡೂ ಕೈ ಬೇರೆ ಬೇರೆ ಕೆಲಸ ಮಾಡಬೇಕು. ನೆನೆಸಿದ ಕಾಳನ್ನು ಹಿತುಕಲು ಹೆಬ್ಬೆರಳು, ತೋರುಬೆರಳು ಎದುರಾಗಿ ಅಳೆದು ಒತ್ತಬೇಕು: ಕಡಿಮೆಯಾದರೆ ಬೇಳೆ ಹೊರಬರದು, ಜಾಸ್ತಿಯಾದರೆ ಚಿಮ್ಮಿ ಆಚೆ ಬೀಳುತ್ತದೆ. ಒತ್ತಡ ಸರಿಯಾಯಿತೇ ಇಲ್ಲವೇ ಎಂದು ಕಾಳೇ ಹೇಳುತ್ತದೆ, ನೀವು ಹೇಳಬೇಕಾಗಿಲ್ಲ. ಪೆನ್ಸಿಲ್ ಹಿಡಿತಕ್ಕೆ ಬೇಕಾದದ್ದು ಇದೇ ಬಲ. ಕಾಳು ಸರಿಯಾಗಿ ನೆನೆಯದಿದ್ದರೆ ಸಿಪ್ಪೆ ಬಿಡುವುದಿಲ್ಲ, ಮಗು ಎದ್ದುಹೋಗುತ್ತದೆ. ಮೊದಲ ದಿನ ಹತ್ತೇ ಕಾಳು ಕೊಡಿ. ಮೂಗಿಗೆ, ಕಿವಿಗೆ ಹಾಕಿಕೊಳ್ಳುವ ಅಭ್ಯಾಸವಿದ್ದರೆ ಕಾಳು ಬೇಡ, ಚಪಾತಿ ಹಿಟ್ಟು ನಾದಲಿ. ದೊಡ್ಡ ಮಕ್ಕಳಿಗೆ ಹೂ ಕಟ್ಟುವುದು ಚೆನ್ನ, ಮೊದಲು ನಾರಿನ ಬದಲು ದಪ್ಪ ಉಲ್ಲನ್ ದಾರದಲ್ಲಿ, ಮಲ್ಲಿಗೆಯ ಬದಲು ತೊಟ್ಟು ಉದ್ದವಿರುವ ಹೂವಿನಲ್ಲಿ.

ಈಗ ಎಷ್ಟು ಹೊತ್ತು ಎಂಬ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ವಿಕಲತೆಯಿರುವ 5ರಿಂದ 17 ವರ್ಷದ ಮಕ್ಕಳಿಗೂ ಉಳಿದವರಿಗೆ ಹೇಳಿದ ಅಳತೆಯೇ ಇದೆ: ವಾರದ ಸರಾಸರಿಯಲ್ಲಿ ದಿನಕ್ಕೆ 60 ನಿಮಿಷ ಉಸಿರು ಏರುವಂಥ ಚಟುವಟಿಕೆ, ವಾರಕ್ಕೆ 3 ದಿನವಾದರೂ ಸ್ನಾಯು, ಮೂಳೆ ಗಟ್ಟಿಯಾಗುವ ಕೆಲಸ. ಒಂದೇ ಉಸಿರಿಗೆ 60 ನಿಮಿಷ ಅಂತಲ್ಲ. ಏನೂ ಮಾಡದಿದ್ದ ಮಗುವಿಗೆ ಮೊದಲ ವಾರ 5 ನಿಮಿಷದ ಮೂರು ಸುತ್ತು ಸಾಕು. ಬಲಕ್ಕೆ ಅತಿ ಸುಲಭವಾದದ್ದು ಮಣೆಯಿಂದ ಏಳುವುದು, ಕೂರುವುದು. ಕೈ ಊರದೆ ಹತ್ತು ಸಲ, ಎರಡು ಸುತ್ತು. ಅದು ಲೀಲಾಜಾಲವಾದ ಮೇಲೆ ಎದೆಗೆ ಅರ್ಧ ಲೀಟರ್ ನೀರಿನ ಬಾಟಲಿ ಅಪ್ಪಿಕೊಂಡು. ಕುಕ್ಕರಗಾಲಲ್ಲಿ ಕೂತು ಏಳುವ ಬಲ ಬಂದರೆ ನಮ್ಮ ಊರಿನ ಶೌಚಾಲಯಗಳೂ ಆ ಮಗುವಿನ ಪಾಲಿಗೆ ತೆರೆಯುತ್ತವೆ. ಇದನ್ನು ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

‘ಜೋರಾಗಿ ಓಡು’ ಎಂದಾಗ ಅರ್ಧಕ್ಕೆ ನಿಂತರೆ ದಣಿವೆಂದೇ ತಿಳಿಯಬೇಡಿ. ‘ಜೋರು’ ಎಂಬುದು ಬರೀ ಮಾತು. ಜೊತೆಗೊಬ್ಬ ಹುಡುಗ ಎರಡು ಹೆಜ್ಜೆ ಮುಂದೆ ಓಡಲಿ, ಕೊನೆಯಲ್ಲಿ ಮುಟ್ಟಲು ಒಂದು ಕೆಂಪು ಬಕೆಟ್ ಇರಲಿ, ಆಗ ನೋಡಿ. ನಾಡಿ ಎಣಿಸಿ ಶ್ರಮ ಅಳೆಯುವವರಿಗೆ ಒಂದು ಸೂಚನೆ: ಡೌನ್ ಸಿಂಡ್ರೋಮ್ ಇರುವವರ ಹೃದಯ ಬಡಿತ ಎಷ್ಟೇ ಶ್ರಮಪಟ್ಟರೂ ಬೇರೆಯವರಷ್ಟು ಏರುವುದಿಲ್ಲ. ಬಡಿತ ಹೆಚ್ಚೆಂದರೆ ಎಷ್ಟು ಏರಬಹುದು ಎಂಬುದಕ್ಕೆ 220ರಿಂದ ವಯಸ್ಸು ಕಳೆಯುವ ಲೆಕ್ಕ ಹಿಡಿದರೆ ಮಗು ಸುಸ್ತಾಗಿದ್ದರೂ ‘ಇನ್ನೂ ಸಾಲದು’ ಅನ್ನಿಸುತ್ತದೆ. ಉಸಿರು, ಮುಖದ ಬಣ್ಣ, ಹೆಜ್ಜೆಯ ತೂಗಾಟ ನೋಡಿ.

ಅಪಾಯಗಳನ್ನು ಒತ್ತಿ ಹೇಳಬೇಕು. ಡೌನ್ ಸಿಂಡ್ರೋಮ್‌ನಲ್ಲಿ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ, ಎಕೋ (ಹೃದಯದ ಸ್ಕ್ಯಾನ್) ಆಗದೆ ಓಟ ಬೇಡ. ಅದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವುದು ಕುತ್ತಿಗೆ. ಮೇಲಿನ ಎರಡು ಕುತ್ತಿಗೆ ಮೂಳೆಗಳ ನಡುವಿನ ಕಟ್ಟು ಸಡಿಲವಿದ್ದರೆ ಜೋರಾಗಿ ಬಾಗಿದಾಗ ಮಿದುಳುಬಳ್ಳಿ ಒತ್ತಿಕೊಳ್ಳಬಹುದು. ಲಾಗ ಹಾಕಿಸುವುದು, ಶೀರ್ಷಾಸನ, ತಲೆ ಮುಂದಾಗಿ ನೀರಿಗೆ ಧುಮುಕುವುದು, ಟ್ರ್ಯಾಂಪೊಲಿನ್ ಮೇಲೆ ಕುಣಿಸುವುದು, ಇವನ್ನು ವೈದ್ಯರ ಒಪ್ಪಿಗೆಯಿಲ್ಲದೆ ಮಾಡಿಸಬೇಡಿ. ಯೋಗ ದಿನದ ಉತ್ಸಾಹದಲ್ಲಿ ಇದು ಮರೆತುಹೋಗುತ್ತದೆ. ಹಿಂದೆ ತೆಗೆಸಿದ ಎಕ್ಸ್‌ರೇ ಸರಿಯಿತ್ತು ಎಂದು ಸುಮ್ಮನಿರಲಾಗದು. ಕುತ್ತಿಗೆ ನೋವು, ತಲೆ ಒಂದು ಕಡೆ ವಾಲುವುದು, ಚೆನ್ನಾಗಿ ನಡೆಯುತ್ತಿದ್ದ ಮಗು ತೊಡರುವುದು, ಕೈಯಿಂದ ಲೋಟ ಜಾರುವುದು, ನಿಂತುಹೋಗಿದ್ದ, ಬಟ್ಟೆಯಲ್ಲೇ ಮೂತ್ರ ಮಾಡಿಕೊಳ್ಳುವ ಅಭ್ಯಾಸ ಮತ್ತೆ ಶುರುವಾಗುವುದು, ಇವುಗಳಲ್ಲಿ ಒಂದು ಕಂಡರೂ ಆಟ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಫಿಟ್ಸ್ ಇದೆಯೆಂದು ಆಟ ಬಿಡಿಸುವವರಿದ್ದಾರೆ. ಬಿಡಿಸಬೇಕಾಗಿಲ್ಲ, ಎತ್ತರ ಹತ್ತುವಾಗ, ನೀರಿಗಿಳಿದಾಗ ಕೈಗೆ ಸಿಗುವಷ್ಟು ಹತ್ತಿರ ಒಬ್ಬರು ಆ ಮಗುವಿಗೆಂದೇ ಇರಬೇಕು. ಮಾತ್ರೆಯ ಚೀಟಿ ಓದಿಕೊಳ್ಳಿ: ಫಿಟ್ಸ್‌ಗೆ ಕೊಡುವ ಟೊಪಿರಮೇಟ್, ಜೊನಿಸಮೈಡ್ ತೆಗೆದುಕೊಳ್ಳುವ ಕೆಲವು ಮಕ್ಕಳಿಗೆ ಬೆವರು ಕಡಿಮೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಅದು ಹುಡುಗಾಟವಲ್ಲ. ಆಟ ಬೆಳಗ್ಗೆ ಎಂಟರೊಳಗೆ, ಹತ್ತು ನಿಮಿಷಕ್ಕೊಮ್ಮೆ ನೆರಳು, ಬಾಯಾರಿಕೆ ಹೇಳಿಕೊಳ್ಳಲಾಗದವರಿಗೆ ನೀವೇ ಗುಟುಕು ನೀರು. ಸಿಟ್ಟು, ಚಡಪಡಿಕೆಯಂಥ ವರ್ತನೆಯ ತೊಂದರೆಗೆ ಕೊಡುವ ರಿಸ್ಪೆರಿಡೋನ್ ತೂಕ ಏರಿಸಬಹುದು, ಹಾಗಂತ ಮಾತ್ರೆಯನ್ನು ನೀವಾಗಿ ನಿಲ್ಲಿಸಬಾರದು. ತಿಂಗಳಿಗೊಮ್ಮೆ ತೂಕ ಬರೆದು ವೈದ್ಯರಿಗೆ ತೋರಿಸಿ.

ಸ್ಪರ್ಧೆ ಬೇಕೇ ಎಂದು ತುಂಬಾ ಜನ ಕೇಳುತ್ತಾರೆ. ಬೇಕು, ಜೋಡಿ ಸರಿಯಾಗಿದ್ದರೆ. 1968ರಲ್ಲಿ ಷಿಕಾಗೋದಲ್ಲಿ ಶುರುವಾದ, ಬೌದ್ಧಿಕ ವಿಕಲತೆ ಇರುವವರ ಕ್ರೀಡಾಕೂಟ ಸ್ಪೆಷಲ್ ಒಲಿಂಪಿಕ್ಸ್‌ನ ಜಾಣತನ ಇರುವುದು ಅದರ ಗುಂಪು ಮಾಡುವ ಕ್ರಮದಲ್ಲಿ. ಮೊದಲು ಎಲ್ಲರನ್ನೂ ಓಡಿಸಿ ಸಮಯ ಬರೆಯುತ್ತಾರೆ. ವಯಸ್ಸು, ಹುಡುಗ ಹುಡುಗಿ, ಸಾಮರ್ಥ್ಯ ನೋಡಿ ಮೂವರಿಂದ ಎಂಟು ಜನರ ಗುಂಪು ಮಾಡುತ್ತಾರೆ. ಹಾಗಾಗಿ 50 ಮೀಟರನ್ನು ನಿಧಾನಕ್ಕೆ ಓಡುವ ಹುಡುಗಿಗೂ ಗೆಲ್ಲುವ ಅವಕಾಶ ಉಂಟು. ಸ್ಪರ್ಧೆಗೆ 8 ವರ್ಷ ತುಂಬಿರಬೇಕು, 2ರಿಂದ 7ರವರಿಗೆ ಆಟದ ಕಾರ್ಯಕ್ರಮ ಬೇರೆಯಿದೆ. ನಿಮ್ಮ ಶಾಲೆಯ ಕ್ರೀಡಾದಿನಕ್ಕೂ ಈ ಕ್ರಮ ಹೊಂದುತ್ತದೆ, ಬೇಕಾದದ್ದು ಒಂದು ಸ್ಟಾಪ್‌ವಾಚ್, ಹಿಂದಿನ ದಿನದ ಅರ್ಧ ಗಂಟೆ.

ಪಿ.ಟಿ. ಮೇಷ್ಟ್ರುಗಳು ಸಾಮಾನ್ಯ ತರಗತಿಯಲ್ಲಿ ಇಂಥ ಒಬ್ಬ ಹುಡುಗನನ್ನು ಸೇರಿಸಿಕೊಳ್ಳುವುದು ಹೇಗೆ ಅಂತೀರಿ. ಲಗೋರಿ ತೆಗೆದುಕೊಳ್ಳಿ. ಏಳು ಕಲ್ಲಿನ ಬದಲು ಅವನಿಗೆ ಮೂರು, ಅಗಲವಾದವು. ಎಸೆಯುವ ಗೆರೆ ಆರು ಹೆಜ್ಜೆ ಮುಂದೆ. ಅವನ ಮೈಗೆ ಚೆಂಡು ತಾಗಿಸುವವರು ಎಡಗೈಯಲ್ಲೇ ಎಸೆಯಬೇಕು, ಬಟ್ಟೆಯ ಚೆಂಡಿನಲ್ಲೇ. ಅವನು ಕಲ್ಲು ಜೋಡಿಸುವಾಗ ಜೊತೆಗಾರ ಪಕ್ಕದಲ್ಲಿ ನಿಂತು ಬರೀ ಬೆರಳು ತೋರಿಸಲಿ, ಕೈ ಹಾಕುವಂತಿಲ್ಲ. ನಿಯಮ ಬದಲಿಸಿದ್ದನ್ನು ಆಟಕ್ಕೆ ಮುಂಚೆಯೇ ಎಲ್ಲರಿಗೂ ಹೇಳಿ, ನಡುವೆ ರಿಯಾಯಿತಿ ಕೊಟ್ಟರೆ ಉಳಿದ ಮಕ್ಕಳು ಜಗಳ ತೆಗೆಯುತ್ತಾರೆ, ಅವರ ಜಗಳ ನ್ಯಾಯವೇ. ಬ್ಯಾಗು ಕಾಯುವುದಕ್ಕೆ ಸರದಿಯ ಪಟ್ಟಿ ಬರೆದು ಅಂಟಿಸಿ, ಅದರಲ್ಲಿ ಕ್ಲಾಸ್ ಲೀಡರ್‌ನ ಹೆಸರೂ ಇರಲಿ.